ಮುಧೋಳದ ಬೇಟೆನಾಯಿ ಮತ್ತು ಅದನ್ನು ಸಾಕಿ ಕೊಟ್ಟವರು



ಎತ್ತು, ಎಮ್ಮೆ, ಕುರಿ, ಕೋಳಿ ಇವುಗಳ ವಿಷಯವಾಗಿ ಎಷ್ಟೋ ಸಲ ಮಾತಾಡಿದ್ದೇವೆ. ನಾಯಿಯ ಮಾತು ಬಂದದ್ದು ಕಡಮೆ. ಆದರೆ ಮೆಟ್ರಿ, ಕಂಪ್ಲಿ, ಕಮಲಾಪುರದ ಕಡೆ ಹೊಲಗಳಿಗೆ ಹೋದಾಗ, ಬೀಜ ಗೊಬ್ಬರದ ಮಾತು ಮುಗಿದ ಮೇಲೆ, ಕಟ್ಟೆಯ ಮೇಲೆ ಕೂತವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಏನ್ರೀ ಸಾಹೇಬ್ರ, ಮುಧೋಳ ನಾಯಿಮರಿ ಒಂದು ತರಬೇಕಂತ ಮಾಡೀನಿ. ಎಲ್ಲಿ ಚಲೋ ಸಿಗ್ತಾವ?”

ಕೇಳುವುದು ಸಹಜವೇ. ಕಬ್ಬಿನ ಹೊಲಕ್ಕೆ ಹಂದಿ ನುಗ್ಗುತ್ತದೆ. ದರೋಜಿಯ ಗುಡ್ಡದ ಕಡೆಯಿಂದ ಕರಡಿ ಇಳಿಯುತ್ತದೆ. ಕುರಿಹಟ್ಟಿಗೆ ರಾತ್ರಿ ಕಾವಲು ಬೇಕು. ಒಂಟಿಮನೆಯವರಿಗೆ ಬಾಗಿಲಲ್ಲಿ ಒಂದು ಜೀವ ಬೇಕು. ಜೊತೆಗೆ ಮುಧೋಳ ನಾಯಿ ಎಂದರೆ ಈಗ ಒಂದು ಹೆಸರೂ ಆಗಿದೆ. ಮನೆ ಮುಂದೆ ಕಟ್ಟಿದ್ದರೆ ನಾಲ್ಕು ಜನ ನಿಂತು ನೋಡುತ್ತಾರೆ. ಆದರೆ ಎಲ್ಲಿ ಸಿಗುತ್ತದೆ ಎಂದು ಕೇಳುವವರೇ ಹೆಚ್ಚು, ಯಾರ ಮನೆಯ ಮರಿ ಎಂದು ಕೇಳುವವರು ಕಡಮೆ. ಎತ್ತು ಕೊಳ್ಳುವಾಗ ಸುಳಿ ನೋಡಿ, ಹಲ್ಲು ನೋಡಿ, ಮಾರುವವನ ಊರು ಕೇರಿ ವಿಚಾರಿಸುವ ನಾವು, ನಾಯಿಮರಿಯನ್ನು ಮಾತ್ರ ರಸ್ತೆ ಬದಿಯ ಬುಟ್ಟಿಯಿಂದ ಎತ್ತಿಕೊಂಡು ಬರುತ್ತೇವೆ. ನಮ್ಮ ಹಿರಿಯರು ಹೀಗೆ ಮಾಡುತ್ತಿರಲಿಲ್ಲ. ಆ ಕಥೆಯನ್ನೇ ಇವತ್ತು ಸ್ವಲ್ಪ ಬಿಚ್ಚಿ ಹೇಳಬೇಕೆಂದಿದ್ದೇನೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರಗಲ್ಲು ಎಂದರೆ ನಿಮಗೆ ಗೊತ್ತೇ ಇದೆ. ತುರು ಕಾಯುವಾಗ ಸತ್ತವನಿಗೆ, ಊರು ಉಳಿಸುವಾಗ ಮಡಿದವನಿಗೆ ನಿಲ್ಲಿಸುವ ಕಲ್ಲು. ಆತಕೂರಿನ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗೋಸ್ಕರ. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನೂ ಗಂಗ ದೊರೆ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಕಾಲವದು. ಆ ಯುದ್ಧದಲ್ಲಿ ಮಣಲೇರನೆಂಬ ವೀರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಹೊಲ ಕೇಳಬಹುದಿತ್ತು, ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ, ಎರಡೂ ಬಿಡದೆ ಹೋರಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದುವ ಚಿತ್ರ ಕೆತ್ತಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟಲಿ ಎಂದೂ ಬರೆಸಿದ.

ಈ ಶಾಸನವನ್ನು ಚರಿತ್ರೆಕಾರರು ಯುದ್ಧದ ಸಂಗತಿಗಾಗಿ ಓದುತ್ತಾರೆ. ನಾವು ದನಕರು ಸಾಕುವ ಜನ ಇನ್ನೊಂದು ರೀತಿಯಲ್ಲಿ ಓದಬಹುದು. ಅದರಲ್ಲಿ ನಾಯಿಯ ಹೆಸರಿದೆ. ಪಡೆದವನ ಹೆಸರಿದೆ. ಯಾವ ಸಂದರ್ಭದಲ್ಲಿ ಕೈ ಬದಲಾಯಿತು, ಯಾವ ಊರಿನ ಗುಡ್ಡದಲ್ಲಿ ಏನು ಕೆಲಸ ಮಾಡಿತು, ಹೇಗೆ ಸತ್ತಿತು ಎಲ್ಲವೂ ಇದೆ. ಒಳ್ಳೆಯ ನಾಯಿ ಎಂದರೆ ಕೊಟ್ಟವರು ಯಾರು, ಕೆಲಸ ಏನು ಎಂದು ತಿಳಿದಿರತಕ್ಕ ನಾಯಿ. ಇವತ್ತು ಪೇಟೆಯಲ್ಲಿ ಕೊಳ್ಳುವ ಎಷ್ಟೋ ಮರಿಗಳಿಗೆ ಇಷ್ಟು ವಿವರವೂ ಇರುವುದಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಆನೆ, ಕುದುರೆ, ಅಡಿಗೆ, ಮೀನು ಹಿಡಿಯುವುದು ಇವುಗಳ ಜೊತೆಗೆ ನಾಯಿಗಳ ವಿಷಯಕ್ಕೂ ಸ್ಥಾನ ಕೊಟ್ಟಿದ್ದಾನೆ. ನಮ್ಮ ಹಂಪಿಗೆ ಬನ್ನಿ. ಜಾತ್ರೆಗೆ ಹೋದಾಗ ಮಹಾನವಮಿ ದಿಬ್ಬ ಹತ್ತದವರು ಯಾರು? ಹತ್ತುವ ಮೊದಲು ಅದರ ಗೋಡೆಯ ಕಲ್ಲುಪಟ್ಟಿಗಳನ್ನು ಒಂದಿಷ್ಟು ನೋಡಿರಿ. ಆನೆ ಕುದುರೆಗಳ ಸಾಲಿನ ಜೊತೆಗೆ ಬೇಟೆಯ ಚಿತ್ರಗಳಿವೆ, ಬೇಟೆಗಾರರ ಜೊತೆ ನಾಯಿಗಳಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸ್, ಇಲ್ಲಿಯ ಪೇಟೆಯಲ್ಲಿ ಮೊಲ, ಕೌಜುಗಗಳು ಮಾರಾಟಕ್ಕೆ ಬರುತ್ತಿದ್ದವೆಂದು ಬರೆದಿದ್ದಾನೆ. ಬೇಟೆಯಾಡಿ ಬದುಕುವ ಜನ ಊರ ಸುತ್ತ ಇದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಕಲ್ಲಿನ ನಾಯಿಗಳನ್ನೇ ತೋರಿಸಿ “ಇವೇ ಮುಧೋಳ ನಾಯಿ” ಎಂದು ಹೇಳುವವರನ್ನು ನೋಡಿದ್ದೇನೆ. ಕಲ್ಲಿನ ಚಿತ್ರ ನೋಡಿ ತಳಿಯ ಹೆಸರು ಹೇಳುವುದು ಆಗದ ಮಾತು. ಬೇಟೆನಾಯಿ ಸಾಕುವ ವಿದ್ಯೆ ಈ ನೆಲದಲ್ಲಿ ಹಳೆಯದು ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಇನ್ನು ಮುಧೋಳಕ್ಕೆ ಹೋಗೋಣ. ನಮ್ಮಲ್ಲಿಂದ ಕೊಪ್ಪಳ ದಾಟಿ, ಬಾಗಲಕೋಟೆ ದಾಟಿ ಹೋದರೆ ಘಟಪ್ರಭಾ ನದಿಯ ದಂಡೆಯ ಊರು. ಕವಿ ರನ್ನ ಹುಟ್ಟಿದ ಊರು. ಅಲ್ಲಿ ಸಂಸ್ಥಾನ ಆಳಿದವರು ಘೋರ್ಪಡೆ ಮನೆತನದವರು. ನಮ್ಮ ಸಂಡೂರನ್ನು ಆಳಿದವರೂ ಘೋರ್ಪಡೆಯವರೇ ಆದ್ದರಿಂದ ಈ ಹೆಸರು ನಿಮಗೆ ಹೊಸದಲ್ಲ. ಆ ಸೀಮೆಯಲ್ಲಿ ಬೇಡರು ಬಹಳ. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿರೆಂದಾಗ ಒಪ್ಪಿಸುವುದಿಲ್ಲವೆಂದು ಬಂಡೆದ್ದು ಗಲ್ಲಿಗೇರಿದ ಹಲಗಲಿಯ ಬೇಡರ ಊರು ಮುಧೋಳ ತಾಲ್ಲೂಕಿನದೇ.

ಈ ಬೇಡರ ಹತ್ತಿರ ಒಂದು ಬಗೆಯ ನಾಯಿ ಇತ್ತು. ಉದ್ದ ಕಾಲು, ಉದ್ದ ಕತ್ತು, ಕಿರಿದಾದ ತಲೆ, ಒಳಗೆ ಹೋದ ಹೊಟ್ಟೆ, ಆಳವಾದ ಎದೆ, ನುಣುಪಾದ ಚಿಕ್ಕ ಕೂದಲು. ಹೆಗಲಿನ ಹತ್ತಿರ ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರ. ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗಿ ಹಿಡಿಯತಕ್ಕ ಜಾತಿ. ಪಶ್ಚಿಮದ ದೇಶಗಳಿಂದ ವರ್ತಕರ, ದಂಡಿನವರ ಸಂಗಡ ಬಂದ ಓಟದ ನಾಯಿಗಳ ರಕ್ತ ಇದರಲ್ಲಿ ಸೇರಿದೆಯೆಂದು ಬಲ್ಲವರ ಅಭಿಪ್ರಾಯ. ಹೇಗೆ ಬಂದರೂ ಸರಿ, ಜೋಳದ ರೊಟ್ಟಿ ತಿಂದು, ಕಲ್ಲುಭೂಮಿಯಲ್ಲಿ ಓಡಿ, ಬಿಸಿಲು ತಡೆದು ಅದು ಇಲ್ಲಿಯದೇ ಆಗಿಹೋಯಿತು.

ಆ ಕಾಲದಲ್ಲಿ ಈ ನಾಯಿಗಳಿಗೆ ಕಾಗದ ಇರಲಿಲ್ಲ, ನೋಂದಣಿ ಇರಲಿಲ್ಲ. ಆದರೂ ತಳಿ ಕೆಡಲಿಲ್ಲ. ಯಾಕೆ? ಮರಿ ಕೊಡುವವನೂ ತೆಗೆದುಕೊಳ್ಳುವವನೂ ಅದೇ ಗುಡ್ಡದಲ್ಲಿ ಬೇಟೆಗೆ ಹೋಗುವವರು. ಇಂಥವರ ಮನೆಯ ಹೆಣ್ಣುನಾಯಿ ಹೇಗೆ ಓಡುತ್ತದೆ, ಇಂಥವರ ಗಂಡುನಾಯಿಗೆ ಎಷ್ಟು ದಮ್ಮಿದೆ, ಯಾವುದು ಮಕ್ಕಳನ್ನು ಕಚ್ಚಿತು ಎಲ್ಲವೂ ಕೇರಿಗೆ ಗೊತ್ತು. ಕೆಟ್ಟ ಮರಿ ಕೊಟ್ಟವನು ಮರುದಿನ ಅದೇ ಕಟ್ಟೆಯ ಮೇಲೆ ಮುಖ ತೋರಿಸಬೇಕು. ಆ ನಾಚಿಕೆಯೇ ಆಗಿನ ಕಾಯಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳವನ್ನು ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರ ಕಣ್ಣು ಈ ನಾಯಿಗಳ ಮೇಲೆ ಬಿತ್ತು. ಬೇಡರ ನಾಯಿಗಳಲ್ಲಿ ಒಳ್ಳೆಯವನ್ನು ಆರಿಸಿ ತರಿಸಿ, ಅರಮನೆಯಲ್ಲಿ ಸಾಕಿ, ಜೋಡಿ ನೋಡಿ ಮರಿ ಮಾಡಿಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದೂ, ಅಲ್ಲಿಂದ ಮುಧೋಳದ ನಾಯಿ ಎಂಬ ಹೆಸರು ನಿಂತಿತೆಂದೂ ಆ ಕಡೆ ಹೇಳುತ್ತಾರೆ. ರಾಜರ ಹೆಸರು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಆರಿಸಿಕೊಳ್ಳುವುದಕ್ಕೆ ಒಳ್ಳೆಯ ನಾಯಿ ಸಿಕ್ಕಿದ್ದು ಬೇಡರ ಗುಡಿಸಲ ಮುಂದೆ ಎಂಬುದನ್ನೂ ಜೊತೆಗೆ ಹೇಳಿದರೆ ಲೆಕ್ಕ ಸರಿಹೋಗುತ್ತದೆ.

ರಾಜರು ಮಾಡಿದ ಕೆಲಸವೇನು ಎಂದು ಕೇಳಿದರೆ, ಆರಿಸುವುದು, ಜೋಡಿ ಕೂಡಿಸುವುದು, ನೆನಪಿಡುವುದು. ಇದೇ ಕೆಲಸವನ್ನು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್ ಎಂಬ ಒಕ್ಕಲಿಗ ಕುರಿಗಳಲ್ಲಿ ಮಾಡಿದ್ದ. ಅವನು ತನ್ನ ಟಗರುಗಳನ್ನು ಒಂದು ಹಂಗಾಮಿಗೆಂದು ಬೇರೆ ರೈತರಿಗೆ ಬಾಡಿಗೆಗೆ ಕೊಡುತ್ತಿದ್ದ. ಆ ರೈತರ ಹಟ್ಟಿಯಲ್ಲಿ ಹುಟ್ಟಿದ ಮರಿಗಳು ಹೇಗಿವೆ ಎಂದು ನೋಡಿ, ಒಳ್ಳೆಯ ಮರಿ ಕೊಟ್ಟ ಟಗರನ್ನು ಮತ್ತೆ ತನ್ನ ಹಿಂಡಿಗೆ ತರುತ್ತಿದ್ದ. ಅಂದರೆ ಟಗರಿನ ಅಂದ ನೋಡಿ ನಂಬಲಿಲ್ಲ, ಅದರ ಮಕ್ಕಳನ್ನು ನೋಡಿ ನಂಬಿದ. ಬಳ್ಳಾರಿ ಕುರಿ ಸಾಕುವ ನಮ್ಮ ಕುರುಬಣ್ಣಗಳಿಗೆ ಇದು ಬಾಯಿಪಾಠ. ಆದರೆ ಬೇಕ್‌ವೆಲ್ ಇನ್ನೊಂದು ಕೆಲಸವನ್ನೂ ಮಾಡಿದ: ಗುಣ ಬೇಗ ನಿಲ್ಲಲೆಂದು ಹತ್ತಿರದ ರಕ್ತದಲ್ಲೇ ಜೋಡಿ ಮಾಡಿಸಿದ. ಅವನ ಕುರಿಗಳು ಬೇಗ ಕೊಬ್ಬಿದವು, ಹೆಸರು ಬಂತು. ಆದರೆ ಮರಿ ಹಾಕುವುದರಲ್ಲಿ ಹಿಂದೆ ಬಿದ್ದವು.

ಈ ರಕ್ತದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರತಿಯೊಂದು ಪ್ರಾಣಿಯಲ್ಲೂ ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು ಎಂದು ಪ್ರತಿ ಗುಣಕ್ಕೂ ಎರಡು ಪಾಲು ಬಂದಿರುತ್ತವೆ. ಒಂದು ಪಾಲಿನಲ್ಲಿ ಕೊರತೆಯಿದ್ದರೆ ಇನ್ನೊಂದು ಪಾಲು ಅದನ್ನು ಮುಚ್ಚುತ್ತದೆ. ಹೊರಗೆ ಕಾಣುವುದಿಲ್ಲ. ಅಣ್ಣತಂಗಿಯನ್ನೋ, ತಂದೆಮಗಳನ್ನೋ ಕೂಡಿಸಿದರೆ ಇಬ್ಬರಲ್ಲೂ ಅದೇ ಕೊರತೆ ಅಡಗಿರುವ ಸಂಭವ ಬಹಳ. ಆಗ ಮರಿಗೆ ಎರಡು ಪಾಲೂ ಕೊರತೆಯದೇ ಬಂದು, ಮುಚ್ಚುವುದಕ್ಕೆ ಏನೂ ಉಳಿಯುವುದಿಲ್ಲ. ಕುರುಡು, ಕಿವುಡು, ದುರ್ಬಲ ಹೃದಯ, ಸಣ್ಣ ಸೂಲು, ಸಣ್ಣ ರೋಗಕ್ಕೂ ಸಾಯುವ ಮರಿ ಹೀಗೆ ಹುಟ್ಟುತ್ತವೆ. ಎರಡು ಮೂರು ಸೂಲಿನ ತನಕ ಮರಿ ನೋಡುವುದಕ್ಕೆ ಚೆನ್ನಾಗಿಯೇ ಇರಬಹುದು. ಮಾರುವವನಿಗೆ ಅಷ್ಟು ಸಾಕು, ದುಡ್ಡು ಎಣಿಸಿಕೊಂಡಿರುತ್ತಾನೆ. ನಷ್ಟ ಕೊಂಡವನ ಪಾಲಿಗೆ.

ಅರಮನೆಯ ಕಾಲ ಮುಗಿಯಿತು. ಮಾಲೋಜಿರಾಯರ ಆಳ್ವಿಕೆ 1937ರ ತನಕ. ಮುಧೋಳ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿತು, 1956ರಲ್ಲಿ ಆ ಸೀಮೆ ನಮ್ಮ ರಾಜ್ಯಕ್ಕೆ ಬಂತು. (ಸಂಡೂರು ಸಂಸ್ಥಾನ ಸೇರಿದ್ದು 1949ರಲ್ಲಿ.) ಸಾಕುವ ದೊರೆ ಹೋದ ಮೇಲೆ ಈ ನಾಯಿ ಎಲ್ಲಿ ಉಳಿಯಿತು? ರೈತರ ಹಿತ್ತಿಲಲ್ಲಿ ಉಳಿಯಿತು. ಮುಧೋಳ, ಲೋಕಾಪುರ, ಸುತ್ತಲ ಹಳ್ಳಿಗಳ ಒಕ್ಕಲು ಮನೆಗಳವರು ಹೊಲ ಕಾಯಲು, ಮೊಲ ಹಿಡಿಯಲು ಇದನ್ನು ಸಾಕಿಕೊಂಡು ಬಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಮೊಲಕ್ಕೂ ಈ ಕಾಯಿದೆ ಅನ್ವಯಿಸುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ನಾಯಿ ಕೊಂಡ ಮೊದಲ ವಾರವೇ ಗುಡ್ಡಕ್ಕೆ ಹೊರಡುವ ಹುಡುಗರು ನಮ್ಮಲ್ಲಿ ಇದ್ದಾರೆ. ಯಾವ ಕೆಲಸಕ್ಕಾಗಿ ಈ ತಳಿ ಹುಟ್ಟಿತೋ ಆ ಕೆಲಸವೇ ನಿಂತಿತು. ಪೇಟೆಯವರಿಗೆ ಪರದೇಶದ ನಾಯಿಗಳ ಹುಚ್ಚು ಹಿಡಿಯಿತು. ಇನ್ನಷ್ಟು ಎತ್ತರ ಬರಲಿ, ಇನ್ನಷ್ಟು ಓಡಲಿ ಎಂದು ಗ್ರೇಹೌಂಡ್ ಜೊತೆ ಬೆರಕೆ ಮಾಡಿದವರೂ ಉಂಟು.

ಮತ್ತೆ ಈ ನಾಯಿಗೆ ಕಾಲ ಬಂದದ್ದು ಇತ್ತೀಚೆಗೆ. 2005ರಲ್ಲಿ ಅಂಚೆ ಇಲಾಖೆಯವರು ನಾಲ್ಕು ಭಾರತೀಯ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅವುಗಳಲ್ಲಿ ಮುಧೋಳ ನಾಯಿಯೂ ಒಂದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದ್ದಾರೆ. ಅಲ್ಲಿ ವಂಶ ನೋಡಿ ಮರಿ ಮಾಡಿಸುತ್ತಾರೆ, ಸಾಕುವವರಿಗೆ ಮರಿ ಕೊಡುತ್ತಾರೆ, ತಿಳಿವಳಿಕೆಯನ್ನೂ ಕೊಡುತ್ತಾರೆ. 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. 2021ರಲ್ಲಿ ವಾಯುಪಡೆಯವರು ವಿಮಾನಕ್ಕೆ ಅಡ್ಡ ಬರುವ ಹಕ್ಕಿಗಳನ್ನು ಓಡಿಸುವುದಕ್ಕೆಂದು ಒಯ್ದರು. ಕರ್ನಾಲಿನ ರಾಷ್ಟ್ರೀಯ ಬ್ಯೂರೋದವರು, ಎಂದರೆ ಹಳ್ಳಿಕಾರ್ ದನ, ಬಳ್ಳಾರಿ ಕುರಿಗಳನ್ನು ತಳಿಯೆಂದು ನೋಂದಾಯಿಸಿಕೊಳ್ಳುವವರು, ಇದನ್ನೂ ತಳಿಯೆಂದು ನೋಂದಾಯಿಸಿದ್ದಾರೆ. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿ ಇದರ ಹೆಸರು ಹೇಳಿದ ಮೇಲಂತೂ ಕೇಳುವವರು ಹೆಚ್ಚಿದರು.

ಕೇಳುವವರು ಹೆಚ್ಚಿದರೆ ಹೆಣ್ಣುನಾಯಿ ಹೆಚ್ಚು ಸಲ ಮರಿ ಹಾಕಲಾರದು. ಅದು ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, 63 ದಿನದ ಸುಮಾರಿಗೆ ಈಯುತ್ತದೆ. ಮಾಲಿಗೆ ಬೇಡಿಕೆಯಿದ್ದು ಮಾಲು ಕಡಮೆಯಾದಾಗ ಏನಾಗುತ್ತದೆಂದು ಹತ್ತಿ ಬೀಜ ಕೊಂಡ ರೈತರಿಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಬೆದೆಗೂ ಗಂಡು ಬಿಡಿಸುವವರು ಹುಟ್ಟಿಕೊಂಡರು. ಸಿಕ್ಕ ಗಂಡು ಬಿಟ್ಟು “ಅಸಲಿ ಮುಧೋಳ” ಅನ್ನುವವರು ಹುಟ್ಟಿಕೊಂಡರು. ಹಾಲು ಬಿಡದ ಮರಿಯನ್ನು ಬಸ್ಸಿನಲ್ಲಿ ಕಳಿಸುವವರೂ, ಫೋನಿನಲ್ಲಿ ಫೋಟೋ ತೋರಿಸಿ ಮುಂಗಡ ಹಾಕಿಸಿಕೊಂಡು ಮರೆಯಾಗುವವರೂ ಬಂದರು. ಕಟ್ಟೆಯ ಮೇಲೆ ಮುಖ ತೋರಿಸಬೇಕೆಂಬ ಆ ಹಳೆಯ ನಾಚಿಕೆ ಇವರಿಗಿಲ್ಲ. ಅವರ ಕಟ್ಟೆ ಎಲ್ಲಿದೆಯೆಂದೇ ನಮಗೆ ಗೊತ್ತಿಲ್ಲವಲ್ಲ!

ಹಾಗಾದರೆ ನಂಬಿಕೆಯ ಮನೆಯನ್ನು ಗುರುತಿಸುವುದು ಹೇಗೆ? ಮೊದಲನೆಯ ಮಾತು, ತಾಯಿಯನ್ನು ನೋಡದೆ ಮರಿ ತರಬೇಡಿರಿ. ಒಂದು ತಿಂಗಳ ಮರಿಯಲ್ಲಿ ಮುಧೋಳ ಯಾವುದು, ಬೀದಿನಾಯಿಯ ಮರಿ ಯಾವುದು ಎಂದು ಅನುಭವಸ್ಥರೂ ತಪ್ಪಬಹುದು. ಆದರೆ ತಾಯಿ ಸುಳ್ಳು ಹೇಳುವುದಿಲ್ಲ. ಮರಿಗಳು ಅದರ ಮೊಲೆ ಉಣ್ಣುತ್ತಿರಬೇಕು, ನೀವು ಕಣ್ಣಾರೆ ನೋಡಬೇಕು. “ತಾಯಿ ಹೊಲದಾಗ ಐತ್ರಿ, ಇನ್ನೊಂದ್ ಸಲ ತೋರಸ್ತೀನಿ” ಅಂದರೆ ಆ ಇನ್ನೊಂದು ಸಲದ ತನಕ ದುಡ್ಡು ನಿಮ್ಮ ಕಿಸೆಯಲ್ಲೇ ಇರಲಿ. ತಾಯಿ ಮನುಷ್ಯರನ್ನು ಕಂಡು ಮೂಲೆಗೆ ಸೇರಿ ನಡುಗುತ್ತದೆಯೇ, ಕಾರಣವಿಲ್ಲದೆ ಮೈಮೇಲೆ ಬರುತ್ತದೆಯೇ ನೋಡಿರಿ. ಮುಧೋಳ ನಾಯಿ ಹೊಸಬರ ಹತ್ತಿರ ಬೇಗ ಸಲಿಗೆ ಬೆಳೆಸುವ ಜಾತಿಯಲ್ಲ. ದೂರ ನಿಂತು ನೋಡುವುದು ಅದರ ಸ್ವಭಾವ. ದೂರ ನಿಲ್ಲುವುದು ಬೇರೆ, ಹೆದರಿ ನಡುಗುವುದು ಬೇರೆ.

ಎರಡನೆಯದು, ತಂದೆ ಯಾವುದು ಎಂದು ಕೇಳಿರಿ. ತಂದೆ ಅದೇ ಮನೆಯಲ್ಲಿ ಇರಬೇಕೆಂದೇನೂ ಇಲ್ಲ. ಬೇರೆ ಊರಿನ ಗಂಡನ್ನು ತಂದು ಬಿಡಿಸಿದ್ದರೆ ಅದು ಒಳ್ಳೆಯ ಗುರುತೇ ಸರಿ. ಆದರೆ ಯಾವ ಊರು, ಯಾರ ಮನೆಯದು, ತಾಯಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಕೇಳಿದಾಗ ತಡವರಿಸದೆ ಉತ್ತರ ಬರಬೇಕು. ಒಂದು ಹಳೆಯ ನೋಟುಬುಕ್ಕಿನಲ್ಲಾದರೂ ಬೆದೆಯ ದಿನ, ಈದ ದಿನ, ಎಷ್ಟು ಮರಿ, ಎಲ್ಲೆಲ್ಲಿಗೆ ಹೋದವು ಎಂದು ಬರೆದಿಟ್ಟವರ ಮನೆ ಹತ್ತು ಬಣ್ಣದ ಸರ್ಟಿಫಿಕೇಟಿಗಿಂತ ಮೇಲು. ಹಿಂದಿನ ಸೂಲಿನ ಮರಿ ಕೊಂಡವರು ಹತ್ತಿರದ ಊರಲ್ಲಿದ್ದರೆ ಹೋಗಿ ಆ ನಾಯಿಯನ್ನು ನೋಡಿ ಬನ್ನಿರಿ. ಬೇಕ್‌ವೆಲ್ ಟಗರು ನೋಡಿದ ಹಾಗೆ.

ಕಾಗದದ ಮಾತು ಬಂದದ್ದರಿಂದ ಒಂದು ಸಂಗತಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಈ ನಾಯಿಗೆ ‘ಕಾರವಾನ್ ಹೌಂಡ್’ ಎಂದು ಹೆಸರು. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನವರದರಲ್ಲಿ ‘ಮುಧೋಳ ಹೌಂಡ್’. ಹೆಸರು ಬೇರೆಯೆಂದು ಮೋಸವೆಂದುಕೊಳ್ಳಬೇಡಿರಿ, ಹೆಸರು ಸರಿಯಾಗಿದೆಯೆಂದು ಕಣ್ಣುಮುಚ್ಚಿ ನಂಬಲೂ ಬೇಡಿರಿ. ಕಾಗದವು ಕಾಗದದಲ್ಲಿ ಬರೆದ ನಾಯಿಯದೇ ಹೌದೇ ಎಂಬುದೇ ಮುಖ್ಯ.

ಕಾಯಿದೆಯೂ ಈಗ ಇದೆ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಗಂಡು ಬಿಡಿಸಕೂಡದು, 8 ವರ್ಷ ದಾಟಿದ ಮೇಲೂ ಕೂಡದು. ಒಂದರ ಹಿಂದೊಂದು ಬೆದೆಗೆ ಬಿಡಿಸಕೂಡದು. ಆಯುಷ್ಯದಲ್ಲಿ 5 ಸೂಲಿಗಿಂತ ಹೆಚ್ಚು ಕೂಡದು. ಒಡಹುಟ್ಟಿದವುಗಳನ್ನೂ, ತನ್ನದೇ ಮರಿಯನ್ನೂ ಕೂಡಿಸಕೂಡದು. 8 ವಾರ ತುಂಬದ ಮರಿಯನ್ನು ಮಾರಕೂಡದು. ಇದನ್ನೆಲ್ಲ ಡೆಲ್ಲಿಯವರು ಬರೆದದ್ದೆಂದು ಬದಿಗಿಡಬೇಡಿರಿ. ಇವುಗಳಲ್ಲಿ ಎಷ್ಟೋ ಮಾತು ಆಕಳಿನ ವಿಷಯದಲ್ಲಿ ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದೇ: ಎಳೆಗಡಸಿಗೆ ಹೋರಿ ಬಿಡಬೇಡ, ಕರು ಹಾಕಿದ್ದಕ್ಕೆ ಮೈ ಹತ್ತಲಿ.

ಎಂಟು ವಾರದ ಮಾತನ್ನು ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ತಾಯಿಯ ಹಾಲಿನ ಶಕ್ತಿ ಮರಿಗೆ ರೋಗ ತಡೆಯುವ ಬಲ ಕೊಡುತ್ತದೆ. ಒಡಹುಟ್ಟಿದವುಗಳ ಜೊತೆ ಆಡುವಾಗ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದೂ ಆಗಲೇ. ಮೂರು ವಾರಕ್ಕೇ ಬುಟ್ಟಿಗೆ ಹಾಕಿ ಮಾರಿದ ಮರಿ ಮೊದಲು ಭೇದಿಯಿಂದ ಸಾಯುತ್ತದೆ. ಸಾಯದೆ ಉಳಿದರೆ ಮನೆಯ ಮಕ್ಕಳ ಕೈ ಕಚ್ಚುತ್ತದೆ.

ಇನ್ನೊಂದು ಮೋಸ ಈ ತಳಿಯಲ್ಲೇ ವಿಶೇಷ. ಮುಧೋಳ ನಾಯಿ ತೆಳ್ಳಗೆ, ದೊಡ್ಡ ನಾಯಿಯ ಪಕ್ಕೆಲುಬು ಒಂದೆರಡು ಕಾಣುವುದು ಲಕ್ಷಣವೇ. ಇದನ್ನೇ ನೆಪ ಮಾಡಿಕೊಂಡು, ಹೊಟ್ಟೆಗಿಲ್ಲದೆ ಒಣಗಿದ ಮರಿಯನ್ನು “ಇದರ ಜಾತಿನೇ ಹಿಂಗ್ರೀ” ಎಂದು ದಾಟಿಸುತ್ತಾರೆ. ಎರಡು ತಿಂಗಳ ಮರಿ ಯಾವ ಜಾತಿಯದಾದರೂ ಗುಂಡಗೆ, ಚುರುಕಾಗಿ, ಕಣ್ಣಲ್ಲಿ ಪಿಚ್ಚಿಲ್ಲದೆ ಇರಬೇಕು. ಮೈ ಒಣಗಿ ಹೊಟ್ಟೆ ಮಾತ್ರ ಮಡಕೆಯ ಹಾಗೆ ಉಬ್ಬಿದ್ದರೆ ಅದು ಜಂತುಹುಳು. ಜಂತಿನ ಔಷಧ ಯಾವಾಗ ಕೊಟ್ಟಿರಿ, ಯಾವ ಲಸಿಕೆ ಯಾವ ದಿನ ಹಾಕಿಸಿದಿರಿ ಎಂದು ಕೇಳಿ, ಪಶುವೈದ್ಯರ ಚೀಟಿ ನೋಡಿರಿ.

ಒಳ್ಳೆಯ ಮನೆಯ ಇನ್ನೊಂದು ಗುರುತು ನಿಮಗೆ ವಿಚಿತ್ರವಾಗಿ ತೋರೀತು. ಅವರು ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಜಾಗ ಇದೆ, ಹಗಲೆಲ್ಲ ಸರಪಳಿಯಲ್ಲಿ ಕಟ್ಟುತ್ತೀರೋ, ಯಾರು ಉಣ್ಣಲಿಕ್ಕೆ ಇಡುತ್ತಾರೆ, ಕೋಳಿ ಮೇಕೆ ಇವೆಯೋ ಎಂದು. ಹೆಣ್ಣು ಕೊಡುವ ಮನೆಯವರು ವಿಚಾರಿಸಿದ ಹಾಗೆ. ಸಿಟ್ಟು ಮಾಡಿಕೊಳ್ಳಬೇಡಿರಿ. ನಿಮಗೆ ಸಾಕಲಾಗದಿದ್ದರೆ ಬೀದಿಗೆ ಬಿಡಬೇಡಿ, ನನಗೇ ತಂದುಕೊಡಿ ಎಂದು ಹೇಳುವವರು ಸಿಕ್ಕರೆ ಅಲ್ಲೇ ಕೊಳ್ಳಿರಿ.

ಆ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ, ನಿಮ್ಮಲ್ಲಿ ಹಲವರಿಗೆ ಮುಧೋಳ ನಾಯಿ ಬೇಕಾಗಿಯೇ ಇಲ್ಲವೆಂದು ನನ್ನ ಅಭಿಪ್ರಾಯ. ಅದು ಓಡುವ ಪ್ರಾಣಿ. ದಿನಾ ಬಿಡುವಾಗಿ ಓಡಲು ಜಾಗವಿಲ್ಲದೆ ಕಂಬಕ್ಕೆ ಕಟ್ಟಿಹಾಕಿದರೆ ಕೆಟ್ಟುಹೋಗುತ್ತದೆ. ಮರಿಯಿಂದಲೇ ಕುರಿ ಕೋಳಿಗಳ ಜೊತೆ ಬೆಳೆಸದಿದ್ದರೆ ಓಡುವುದನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ, ಪಕ್ಕದ ಮನೆಯ ಮೇಕೆಮರಿಯನ್ನೂ ಸಹ. ಹಟ್ಟಿ ಕಾವಲಿಗೆ ಬೊಗಳಿ ಎಚ್ಚರಿಸುವ ನಾಯಿ ಬೇಕು. ಅದಕ್ಕೆ ಕುರಿಗಾರರ ಹಿಂಡಿನಲ್ಲೇ ಹುಟ್ಟಿ, ಕುರಿಗಳ ನಡುವೆ ಕಣ್ಣುಬಿಟ್ಟ ನಮ್ಮ ನಾಡನಾಯಿಯ ಮರಿ ಎಷ್ಟೋ ವಾಸಿ. ಕುರಿಗಾರರು ಯಾವ ಹೆಣ್ಣುನಾಯಿಯ ಮರಿಯನ್ನು ಉಳಿಸಿಕೊಳ್ಳುತ್ತಾರೆ ನೋಡಿರಿ: ರಾತ್ರಿ ತೋಳ ಬಂದಾಗ ಹಿಂಡು ಬಿಟ್ಟು ಓಡದೆ ನಿಂತದ್ದರ ಮರಿಯನ್ನು. ಮಣಲೇರನ ಕಾಲದಿಂದ ಬಂದ ವಿದ್ಯೆ ಅದೇ.

ನಿಮ್ಮ ಮನೆಯಲ್ಲೇ ಹೆಣ್ಣುನಾಯಿ ಇದ್ದರೆ ನೀವೂ ಮರಿ ಕೊಡುವ ಮನೆಯವರೇ, ಮುಧೋಳವಾಗಲಿ ಬೀದಿಯದಾಗಲಿ. ಇಲ್ಲಿ ಒಂದು ಕಹಿ ಮಾತು ಹೇಳದೆ ಉಪಾಯವಿಲ್ಲ. ಗಂಡುಮರಿಗೆ ಗಿರಾಕಿ ಬರುತ್ತಾರೆ. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕಾಲುವೆ ದಂಡೆಗೋ ಸಂತೆ ಬಯಲಿಗೋ ಬಿಟ್ಟು ಬರುತ್ತಾರೆ. ಬಹಳಷ್ಟು ಸಾಯುತ್ತವೆ. ಉಳಿದದ್ದು ಒಂದು ವರ್ಷದೊಳಗೆ ತಾನೇ ಬೆದೆಗೆ ಬಂದು, ಗಿಡದ ಮರೆಯಲ್ಲಿ ಈದು, ಲಸಿಕೆಯಿಲ್ಲದ, ಒಡೆಯನಿಲ್ಲದ ಹಿಂಡಾಗುತ್ತದೆ. ನಮ್ಮ ಕುರಿಮರಿ ಹರಿಯುವುದು ಆ ಹಿಂಡೇ, ಹುಚ್ಚುನಾಯಿ ರೋಗ ಹರಡುವುದು ಆ ಹಿಂಡಿನಿಂದಲೇ. ಈ ರೋಗಕ್ಕೆ 1885ರಲ್ಲಿ ಫ್ರಾನ್ಸಿನ ಪಾಶ್ಚರ್ ಮದ್ದು ಕಂಡುಹಿಡಿದ. ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರು ಸಾಬೂನಿನಿಂದ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚಿಸಿಕೊಂಡರೆ ಜೀವ ಉಳಿಯುತ್ತದೆ. ರೋಗದ ಚಿಹ್ನೆ ಕಂಡ ಮೇಲೆ ಉಳಿಸುವ ಮದ್ದು ಇವತ್ತಿಗೂ ಇಲ್ಲ. ಆದ್ದರಿಂದ ಮರಿಗೆ ಮನೆ ಗೊತ್ತುಮಾಡಿಕೊಳ್ಳದೆ ಗಂಡು ಬಿಡಿಸಬೇಡಿರಿ. ಮರಿ ಬೇಡವಾದರೆ ಪಶು ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಚಾರ ಮಾಡಿರಿ.

ಇಷ್ಟೆಲ್ಲ ಕೇಳಿದ ಮೇಲೂ ಮುಧೋಳದ್ದೇ ಬೇಕೆಂದವರು ತಿಮ್ಮಾಪುರದ ಕೇಂದ್ರಕ್ಕೆ ಮೊದಲೇ ತಿಳಿಸಿ ಸರದಿ ಕಾಯುವುದು ಲೇಸು. ಕೇಳಿದ ದಿನವೇ ಮರಿ ಸಿಗದಿರಬಹುದು, ಸಿಗದಿರುವುದೇ ಸರಿ. ಸುತ್ತಲಿನ ರೈತರ ಮನೆಗಳಿಂದ ತರುವವರು ಒಂದು ದಿನ ಖರ್ಚು ಮಾಡಿ ಎರಡು ಮೂರು ಮನೆ ನೋಡಿರಿ, ಜೊತೆಗೆ ನಾಯಿ ಬಲ್ಲವರೊಬ್ಬರು ಇರಲಿ. ತಾಯಿ ಮಲಗಿದ ಗೋಣಿಯ ಒಂದು ತುಂಡನ್ನು ಕೇಳಿ ತನ್ನಿರಿ. ಆ ವಾಸನೆಯಿಂದ ಮೊದಲ ರಾತ್ರಿ ಮರಿ ಅಷ್ಟಾಗಿ ಅಳುವುದಿಲ್ಲ. ಅಲ್ಲಿ ಏನು ಉಣ್ಣುತ್ತಿತ್ತೋ ಒಂದು ವಾರ ಅದನ್ನೇ ಹಾಕಿ, ಆಮೇಲೆ ನಿಧಾನವಾಗಿ ನಿಮ್ಮ ಮನೆಯ ಊಟಕ್ಕೆ ರೂಢಿ ಮಾಡಿರಿ. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಮರಿ ಕೊಟ್ಟವರ ಊರು, ಹೆಸರು, ತಾಯಿತಂದೆಗಳ ಹೆಸರು, ಹುಟ್ಟಿದ ತಾರೀಖು ಇವನ್ನು ಲಸಿಕೆಯ ಚೀಟಿಯ ಹಿಂದೆಯೇ ಬರೆದಿಡಿರಿ. ಮುಂದೆ ನಿಮ್ಮ ನಾಯಿಗೆ ಜೋಡಿ ಹುಡುಕಿಕೊಂಡು ಬಂದವರು ಮೊದಲು ಅದನ್ನೇ ಕೇಳಬೇಕು.